ಪೈಪಿನಲ್ಲಿ ಐಸ್ ಕಟ್ಟಿದಾಗ ಬಿಸಿ ಎಲ್ಲಿಂದ ಕೊಡಬೇಕು?

2021ರ ಫೆಬ್ರುವರಿಯಲ್ಲಿ ಟೆಕ್ಸಾಸ್‌ನಲ್ಲಿ ವಿಪರೀತ ಚಳಿ ಬಿದ್ದು, ಕರೆಂಟೂ ಹೋದಾಗ ಡಲ್ಲಾಸ್ ಸುತ್ತಮುತ್ತ ಎಷ್ಟೋ ಮನೆಗಳ ಪೈಪು ಒಡೆದವು. ನಮ್ಮ ಬೀದಿಯ ಕನ್ನಡದವರೊಬ್ಬರ ಮನೆಯಲ್ಲಿ ಪೈಪಿನೊಳಗೆ ಐಸ್ ಕಟ್ಟಿತ್ತು, ಪೈಪು ಮಾತ್ರ ಇನ್ನೂ ಒಡೆದಿರಲಿಲ್ಲ. ಗಾಬರಿಯಲ್ಲಿ ಅದರ ಮೇಲೆ ಕೊತಕೊತ ಕುದಿಯುವ ನೀರು ಹುಯ್ದರು, ಪ್ಲಾಸ್ಟಿಕ್ ಪೈಪು ಉದ್ದಕ್ಕೆ ಸೀಳಿತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಕೊರೆಯುವ ಚಳಿಯ ಬೆಳಿಗ್ಗೆ ಒಂದು ನಲ್ಲಿಯಲ್ಲಿ ಮಾತ್ರ ನೀರು ನಿಂತಿದ್ದರೆ, ಒಳಗೆ ಐಸ್ ಕಟ್ಟಿದೆ ಎಂದೇ ತಿಳಿಯಿರಿ. ಮೊದಲು ಇಡೀ ಮನೆಯ ನೀರು ನಿಲ್ಲಿಸುವ ಮೇನ್ ವಾಲ್ವ್ ಮುಚ್ಚಿ. ನಮ್ಮ ಕಡೆ ಅದು ಹೆಚ್ಚಾಗಿ ರಸ್ತೆ ಬದಿಯ ಮೀಟರ್ ಗುಂಡಿಯಲ್ಲಿರುತ್ತದೆ. ಇವತ್ತೇ ಹೋಗಿ ನೋಡಿಟ್ಟುಕೊಳ್ಳಿ. ಆಮೇಲೆ ಆ ನಲ್ಲಿಯನ್ನು ಪೂರ್ತಿ ತೆರೆದಿಡಿ.

ಎಲ್ಲಿ ಕಟ್ಟಿದೆ? ಹೊರಗೋಡೆಗೆ ಅಂಟಿದ ಸಿಂಕಿನ ಕೆಳಗೆ, ಗ್ಯಾರೇಜಿನಲ್ಲಿ, ಅಟ್ಟದಲ್ಲಿ ಕೈಯಾಡಿಸಿ ನೋಡಿ. ಉಳಿದ ಕಡೆಗಿಂತ ಕೈ ಕಚ್ಚುವಷ್ಟು ತಣ್ಣಗಿರುವ, ಮೇಲೆ ಬಿಳಿ ಹಿಮ ಕೂತಿರುವ ಜಾಗವೇ ಅದು.

ಎಲ್ಲರೂ ಎಡವುವುದು ಇನ್ನು ಮುಂದೆ. ನೇರವಾಗಿ ಐಸಿನ ನಡುವಿಗೆ ಬಿಸಿ ಕೊಡಬೇಡಿ. ನಲ್ಲಿಯ ಕಡೆಯಿಂದ ಶುರುಮಾಡಿ, ಗೇಣು ಗೇಣಾಗಿ ಹಿಂದಕ್ಕೆ ಹೋಗಿ. ನೀರು ಹೆಪ್ಪುಗಟ್ಟಿದಾಗ ಸುಮಾರು ಶೇ 9ರಷ್ಟು ಹಿಗ್ಗುತ್ತದೆ. ಆಗ ಐಸಿಗೂ ಮುಚ್ಚಿದ ನಲ್ಲಿಗೂ ನಡುವೆ ಸಿಕ್ಕಿಕೊಂಡ ನೀರಿನ ಒತ್ತಡ ಏರುತ್ತದೆ, ಪೈಪು ಒಡೆಯುವುದು ಬಹುಪಾಲು ಆ ಒತ್ತಡಕ್ಕೇ. ಕರಗಿದ ನೀರಿಗೆ ಹೊರಹೋಗಲು ದಾರಿ ಇರಲೇಬೇಕು. ನನ್ನ ಮಟ್ಟಿಗೆ ಹೇರ್ ಡ್ರೈಯರ್‌ಗಿಂತ ಒಳ್ಳೆಯ ಸಾಧನವಿಲ್ಲ. ನೆಲ ಒರೆಸಿ ಒಣಗಿಸಿ, ಮಧ್ಯಮ ಬಿಸಿಯಲ್ಲಿಟ್ಟು, ಒಂದೇ ಕಡೆ ನಿಲ್ಲಿಸದೆ ಆಡಿಸುತ್ತಿರಿ. ಕರೆಂಟಿಲ್ಲದಿದ್ದರೆ ಬಿಸಿನೀರಲ್ಲಿ ಅದ್ದಿ ಹಿಂಡಿದ ಟವೆಲ್ ಸುತ್ತಿ, ಆರಿದ ಹಾಗೆಲ್ಲ ಬದಲಿಸಿ. ಅರ್ಧ ಗಂಟೆಯಾದರೂ ಹಿಡಿಯುತ್ತದೆ, ತಾಳ್ಮೆ ಇರಲಿ. ಬೆಂಕಿಯ ಜ್ವಾಲೆ ಉಗುಳುವ ಬ್ಲೋ ಟಾರ್ಚ್ ಮುಟ್ಟಲೇಬೇಡಿ. ಇದ್ದಿಲ ಒಲೆಯನ್ನು ಒಳಗೆ ತರಬೇಡಿ; ಆ ವರ್ಷ ಅದರ ವಿಷಾನಿಲಕ್ಕೇ ಜೀವಗಳು ಹೋದವು.

ಆಮೇಲೆ ಇನ್ನೊಬ್ಬರು ವಾಲ್ವನ್ನು ಸ್ವಲ್ಪವೇ ತೆರೆಯಲಿ, ನೀವು ಪೈಪಿನ ಮೇಲೆ ಕಣ್ಣಿಟ್ಟಿರಿ. ನಲ್ಲಿ ಬುಸುಗುಟ್ಟಿ ಗಾಳಿ ಉಗುಳಿ ನೀರು ಬಂದರೆ ಗೆದ್ದಿರಿ. ಎಲ್ಲಾದರೂ ಜಿನುಗಿದರೆ ತಕ್ಷಣ ಮುಚ್ಚಿ ಪ್ಲಂಬರನ್ನು ಕರೆಯಿರಿ. ಬಿರುಕಿಗೆ ಟೇಪು ಸುತ್ತಿ ಮಲಗಬೇಡಿ.

ಪೈಪಿಗೆ ಸುತ್ತಿ ಕರೆಂಟಿನಿಂದ ಬಿಸಿ ಮಾಡುವ ಹೀಟ್ ಟೇಪುಗಳಲ್ಲಿ, ಬಿಸಿಯನ್ನು ತಾನೇ ಹತೋಟಿಯಲ್ಲಿಡುವ ಥರ್ಮೋಸ್ಟಾಟ್ ಇಲ್ಲದ ಅಗ್ಗದವನ್ನು ನಾನಂತೂ ಮನೆಗೆ ತರುವುದಿಲ್ಲ, ಬೆಂಕಿ ಹೊತ್ತಿಕೊಳ್ಳುವ ಭಯ. ಕಡಿಮೆ ಬೆಲೆಯ ಫೋಮ್ ಹೊದಿಕೆ ಸಾಕು. ಚಳಿ ಹೆಚ್ಚಿರುವ ರಾತ್ರಿ ಸಿಂಕಿನ ಕೆಳಗಿನ ಬಾಗಿಲು ತೆರೆದಿಡಿ, ನಲ್ಲಿಯಿಂದ ಸಣ್ಣ ಧಾರೆ ಬಿಡಿ, ಹೊರಗಿನ ಹೋಸ್ ಬಿಚ್ಚಿಡಿ.

ಡಿಸೆಂಬರಿನಲ್ಲಿ ಊರಿಗೆ ಹೊರಡುವವರು ಬಿಲ್ಲು ಉಳಿಸಲೆಂದು ಮನೆ ಬೆಚ್ಚಗಿಡುವ ಹೀಟರ್ ಆರಿಸಬೇಡಿ. 55 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಕೆಳಗಿಳಿಸದೆ, ಮೇನ್ ವಾಲ್ವ್ ಮುಚ್ಚಿ, ನಲ್ಲಿಗಳನ್ನು ತೆರೆದು ಪೈಪಿನ ನೀರು ಖಾಲಿ ಮಾಡಿ ಹೋಗಿ. ಒಂದು ಬೀಗದ ಕೈಯನ್ನು ಪಕ್ಕದ ಮನೆಯವರಿಗೆ ಕೊಡಿ, ಅವರನ್ನು ಕರೆದುಕೊಂಡು ಹೋಗಿ ವಾಲ್ವ್ ಇರುವ ಜಾಗವನ್ನೂ ತೋರಿಸಿ.