ಮನೆಯವರು ಒಳಗಿರುವಾಗಲೇ ಮಾಡು ಬಿಚ್ಚಿದ ಕೆಲಸ

ಶಿರಸಿಯಿಂದ ಹುಲೇಕಲ್ ಕಡೆಗೆ ಹೋಗುವ ದಾರಿಯಲ್ಲಿ ಒಂದು ತೋಟದ ಮನೆ. ಕೆಂಪುಕಲ್ಲಿನ ಗೋಡೆ, ಮಣ್ಣಿನ ಗಾರೆ, ಮಂಗಳೂರು ಹೆಂಚು. 2024ರ ಫೆಬ್ರವರಿ ಕೊನೆಯಿಂದ ಮೇ ಕೊನೆಯವರೆಗೆ ಅಲ್ಲಿ ನಾನು ಮುಖ್ಯ ಬಡಗಿಯಾಗಿ ನಿಂತಿದ್ದೆ. ಅಡುಗೆಮನೆ ಹೊಸದಾಗಬೇಕಿತ್ತು, ಅದರ ಮೇಲಿನ ಮಾಡನ್ನು, ಅಂದರೆ ಛಾವಣಿಯನ್ನು, ಕಳಚಿ ಮತ್ತೆ ಕಟ್ಟಬೇಕಿತ್ತು, ಮಲಗುವ ಕೋಣೆಗೆ ತಾಗಿ ಬಚ್ಚಲು ಬೇಕಿತ್ತು, ನಾಲ್ಕು ಬಾಗಿಲು ಬದಲಾಗಬೇಕಿತ್ತು. ಮನೆಯಲ್ಲಿ ಐದು ಮಂದಿ. ಅವರಲ್ಲಿ ಒಬ್ಬರು ಎಂಬತ್ತು ದಾಟಿದ ಅಮ್ಮ. ಕೆಲಸ ಮುಗಿಯುವವರೆಗೂ ಅವರೆಲ್ಲ ಅಲ್ಲೇ ಇದ್ದರು.

ಹೊಸ ಮನೆ ಕಟ್ಟುವಾಗ ಬಡಗಿ ಬಂದು ಹೋಗಿ ಮಾಡಿದರೆ ನಡೆಯುತ್ತದೆ. ದಾರಂದ (ಬಾಗಿಲ ಚೌಕಟ್ಟು) ನಿಲ್ಲಿಸಿ ಹೋಗುತ್ತಾನೆ, ಮಾಡಿಗೆ ಮತ್ತೆ ಬರುತ್ತಾನೆ, ಬಾಗಿಲಿಗೆ ಇನ್ನೊಮ್ಮೆ ಬರುತ್ತಾನೆ. ಹಳೆಯ ಮನೆಯಲ್ಲಿ ಹಾಗಾಗದು. ಮೊದಲ ಹೆಂಚು ಇಳಿಸಿದ ದಿನದಿಂದ ಕೊನೆಯ ಚಿಲಕ ಕೂರಿಸುವ ದಿನದವರೆಗೆ ಅದೇ ಬಡಗಿ ಅಲ್ಲಿರಬೇಕು. ಗುತ್ತಿಗೆದಾರರು ಮೂರು ನಾಲ್ಕು ಕಡೆ ಕೆಲಸ ಹಿಡಿದಿರುತ್ತಾರೆ, ವಾರಕ್ಕೆ ಎರಡು ಸಲ ಬಂದು ನೋಡುತ್ತಾರೆ. ಉಳಿದ ದಿನಗಳಲ್ಲಿ ಗೋಡೆಯೊಳಗೆ ಏನು ಸಿಕ್ಕಿತು, ನಾಳೆ ಯಾರು ಬರುತ್ತಾರೆ, ಮರ ಏಕೆ ಬರಲಿಲ್ಲ ಎಂದು ಮನೆಯವರು ಕೇಳುವುದು ನನ್ನನ್ನೇ. ಉಳಿಯೂ ನನ್ನ ಕೈಯಲ್ಲಿ, ದಿನದ ಲೆಕ್ಕ ಬರೆಯುವ ಪುಸ್ತಕವೂ ನನ್ನ ಕೈಯಲ್ಲಿ. ಇಷ್ಟು ವರ್ಷಗಳಲ್ಲಿ ನಾನು ಮಾಡಿದ ಕೆಲಸಗಳಲ್ಲಿ ಮನಸ್ಸಿಗೆ ಅತಿ ಹತ್ತಿರವಾದದ್ದು ಇದು.

ನಮ್ಮ ಕಡೆ ಇದಕ್ಕೆ ಸಿಗುವುದು ಮೂರೇ ತಿಂಗಳು. ಅಡಿಕೆ ಕೊಯ್ದು, ಸುಲಿದು, ಬೇಯಿಸಿ ಒಣಗಿಸುವುದು ಮುಗಿಯದೆ ಮನೆಯವರಿಗೆ ಬಿಡುವಿಲ್ಲ, ಅಂಗಳದಲ್ಲಿ ಮರ ಇಳಿಸಲು ಜಾಗವೂ ಇಲ್ಲ. ಮೃಗಶಿರ ಮಳೆ ಹಿಡಿದರೆ ಮಾಡು ತೆರೆದಿಡುವಂತಿಲ್ಲ. ಆ ವರ್ಷದ ಮಾರ್ಚ್‌ನಲ್ಲಿ ಮಾರಿಕಾಂಬಾ ಜಾತ್ರೆಯೂ ಬಂದಿತ್ತು. ಎರಡು ವರ್ಷಕ್ಕೊಮ್ಮೆ ಬರುವ ಜಾತ್ರೆ, ಹುಡುಗರು ಕೆಲಸಕ್ಕೆ ಬರುತ್ತಾರೆ ಎಂದು ನಂಬಿ ಕೂರುವಂತಿಲ್ಲ. ಆದ್ದರಿಂದ ಒಳಗಿನ ಕೆಲಸವನ್ನು ಜಾತ್ರೆಗೆ ಮೊದಲು, ಮಾಡು ಬಿಚ್ಚುವುದನ್ನು ಜಾತ್ರೆ ಮುಗಿದ ಮೇಲೆ ಎಂದು ಮೊದಲ ದಿನವೇ ಬರೆದಿಟ್ಟುಕೊಂಡೆ.

ನಾನು ಕೈಹಾಕಿದ ಮೊದಲ ಕೆಲಸ ಅಂದಾಜುಪಟ್ಟಿಯಲ್ಲೇ ಇರಲಿಲ್ಲ. ಹಿಂದಿನ ಜಗಲಿಯಲ್ಲಿ ಮೂರು ತಿಂಗಳ ಮಟ್ಟಿಗೆ ಒಂದು ಅಡುಗೆಮನೆ. ಹಳೆಯ ಹಲಗೆಗಳಿಂದ ಕಟ್ಟೆ ಮಾಡುವ ಮೊದಲು ಅಮ್ಮನನ್ನು ಕರೆದು ಅಲ್ಲಿ ನಿಲ್ಲಿಸಿದೆ. ಎಷ್ಟು ಎತ್ತರ ಬೇಕು, ಬೆಳಕು ಯಾವ ಕಡೆಯಿಂದ ಬರಬೇಕು ಎಂದು ಕೇಳಿದೆ. ಅವರು ಕೈ ಚಾಚಿ ತೋರಿಸಿದ ಎತ್ತರ ನಾವು ಸಾಮಾನ್ಯವಾಗಿ ಇಡುವುದಕ್ಕಿಂತ ನಾಲ್ಕು ಅಂಗುಲ ಕಡಿಮೆ ಇತ್ತು. ಆ ಅಳತೆಯೇ ಮುಂದೆ ಒಳಗಿನ ಕಟ್ಟೆಗೂ ಬಂತು. ದೇವರ ಕೋಣೆಯ ಎದುರು ಹುಡುಗರು ಓಡಾಡಬಾರದೆಂದು ತಾಡಪಾಲು ಕಟ್ಟಿ ಹೊರಗಿನಿಂದ ದಾರಿ ಮಾಡಿದೆ. ಬೆಳಗಿನ ಪೂಜೆ ಮುಗಿಯುವವರೆಗೆ ಸುತ್ತಿಗೆಯ ಸದ್ದು ಬೇಡವೆಂದು ಎಲ್ಲರಿಗೂ ಹೇಳಿದೆ. ಆ ಹೊತ್ತಿಗೆ ಅಳತೆ, ಗುರುತು, ಉಳಿ ಮಸೆಯುವುದು ಇತ್ಯಾದಿ ಇದ್ದೇ ಇರುತ್ತವೆ.

ಜಾತ್ರೆ ಮುಗಿದ ಮೂರನೆಯ ದಿನ ಮಾಡು ಬಿಚ್ಚಿದೆವು. ತೊಲೆ ಮತ್ತಿಮರದ್ದು. ಕೆಳಗಿನಿಂದ ನೋಡಿದರೆ ಒಲೆಯ ಹೊಗೆ ಕುಡಿದು ಕರ್ರಗೆ ಮಿರುಗುತ್ತಿತ್ತು. ಬೆರಳಿನ ಗೆಣ್ಣಿನಿಂದ ತಟ್ಟಿದರೆ ಗಟ್ಟಿ ಸದ್ದು. ಗೋಡೆಯೊಳಗೆ ಸೇರಿದ ತುದಿಯ ಸುತ್ತ ಕೆರೆದು ಉಳಿಯ ಮೊನೆ ಒತ್ತಿ ನೋಡಿದೆ. ಸದ್ದೇ ಇಲ್ಲದೆ ಎರಡು ಅಂಗುಲ ಒಳಗೆ ಇಳಿಯಿತು. ಹೊರಗೆಳೆದಾಗ ಮೊನೆಗೆ ಒದ್ದೆಯಾದ ಕಾಫಿಪುಡಿಯಂಥದ್ದು ಅಂಟಿಕೊಂಡಿತ್ತು. ಹಿಂದೊಮ್ಮೆ ಸೋರಿದಾಗ ಯಾರೋ ಆ ಜಾಗಕ್ಕೆ ಸಿಮೆಂಟ್ ಮೆತ್ತಿದ್ದರು. ಕೆಂಪುಕಲ್ಲು ನೀರು ಹೀರುತ್ತದೆ, ಮಣ್ಣಿನ ಗಾರೆ ಅದನ್ನು ನಿಧಾನವಾಗಿ ಹೊರಗೆ ಬಿಡುತ್ತದೆ. ಸಿಮೆಂಟ್ ಬಿಡುವುದಿಲ್ಲ. ಹೋಗಲು ದಾರಿಯಿಲ್ಲದ ನೀರು ತೊಲೆಯ ತುದಿಯಲ್ಲೇ ವರ್ಷಗಟ್ಟಲೆ ಕೂತಿತ್ತು.

ಕೆಲಸ ಅಲ್ಲಿಗೇ ನಿಲ್ಲಿಸಿದೆ. ತೊಲೆಯ ಕೆಳಗೆ ಎರಡು ಕಂಬ ಆಧಾರ ಕೊಟ್ಟು ಯಜಮಾನರನ್ನು ಏಣಿ ಹತ್ತಿಸಿದೆ. ಉಳಿಯನ್ನು ಅವರ ಕೈಗೇ ಕೊಟ್ಟು ಒತ್ತಿ ನೋಡಲು ಹೇಳಿದೆ. ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಆಚಾರಿಯವರೇ, ನಿಮಗೆ ಸರಿ ಕಂಡದ್ದು ಮಾಡಿ" ಎಂದರು. ಇಲ್ಲಿ ಹೂಂ ಎಂದುಬಿಡುವುದು ಸುಲಭ. "ಹಾಗಲ್ಲ ಯಜಮಾನರೇ, ದಾರಿ ಮೂರಿವೆ, ಖರ್ಚು ಬೇರೆ ಬೇರೆ. ಬರೆದು ಕೊಡುತ್ತೇನೆ, ಮನೆಯಲ್ಲಿ ಮಾತಾಡಿ ಹೇಳಿ" ಎಂದೆ. ತೊಲೆ ಪೂರ್ತಿ ಬದಲಿಸುವುದು, ಕೊಳೆತ ತುದಿ ಕತ್ತರಿಸಿ ಹೊಸದನ್ನು ಬೆಸೆಯುವುದು, ಒಳಗೊಂದು ಕಂಬ ನಿಲ್ಲಿಸುವುದು. ಮರುದಿನ ಬೆಸೆಯುವುದೆಂದು ತೀರ್ಮಾನವಾಯಿತು. ಗುತ್ತಿಗೆದಾರರು ಎಂಜಿನಿಯರರನ್ನು ಕರೆತಂದು ತೋರಿಸಿ ಒಪ್ಪಿಗೆ ಪಡೆದರು. ಎರಡೂವರೆ ಅಡಿ ಕತ್ತರಿಸಿ, ಹಳೆಯ ಮತ್ತಿಯದೇ ತುಂಡನ್ನು ಓರೆ ಬೆಸುಗೆಯಲ್ಲಿ ಕೂರಿಸಿ, ನಾಲ್ಕು ಬೋಲ್ಟ್ ಬಿಗಿದೆವು. ತುದಿಗೆ ಗೇರೆಣ್ಣೆ, ಅಂದರೆ ಗೇರುಬೀಜದ ಸಿಪ್ಪೆಯ ಎಣ್ಣೆ, ಬಳಿದೆವು. ಚರ್ಮಕ್ಕೆ ತಾಗಿದರೆ ಬೊಬ್ಬೆ ಏಳುತ್ತದೆ, ಕೈಗವಸು ಇಲ್ಲದೆ ಯಾರಿಗೂ ಅದನ್ನು ಮುಟ್ಟಲು ಬಿಡಲಿಲ್ಲ. ಈ ಸಲ ತೊಲೆಯ ಕೆಳಗೆ ಗಟ್ಟಿ ಕಲ್ಲಿನ ಚಪ್ಪಡಿ ಇಟ್ಟು, ಪಕ್ಕಗಳಲ್ಲಿ ಮತ್ತು ತುದಿಯಲ್ಲಿ ಅರ್ಧ ಅಂಗುಲ ಗಾಳಿಯಾಡಲು ಬಿಟ್ಟೆ.

ಹಲಗೆ ಹೊದಿಸಿ ಮುಚ್ಚಿದ್ದರೆ ಹತ್ತು ವರ್ಷ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಹಾಗೆ ಮುಚ್ಚಿದ ಮನೆಗಳನ್ನು ನಾನು ಬಿಚ್ಚಿದ್ದೇನೆ. ಸೈಟಿನಲ್ಲಿ ನಿಲ್ಲುವವನು ಕಂಡದ್ದನ್ನು ಅದೇ ದಿನ, ಮನೆಯವರ ಕಣ್ಣಿಗೇ ತೋರಿಸಿ ಹೇಳಬೇಕು ಎನ್ನುವುದರಲ್ಲಿ ನನಗೆ ಎರಡು ಮಾತಿಲ್ಲ.

ಇನ್ನೂರು ಪುಟದ ಪುಸ್ತಕ ಅದಕ್ಕಾಗಿಯೇ. ಯಾರು ಬಂದರು, ಯಾವ ಮರ ಎಷ್ಟು ಘನ ಅಡಿ ಇಳಿಯಿತು, ಏನು ಬದಲಾಯಿತು, ಎಷ್ಟು ಹೆಚ್ಚಾಯಿತು ಎಂದು ದಿನಾ ಸಂಜೆ ಕೈಕಾಲು ತೊಳೆದ ಮೇಲೆ ಬರೆಯುತ್ತೇನೆ. ಹೆಚ್ಚುವರಿ ಕೆಲಸಕ್ಕೆ ಯಜಮಾನರ ರುಜು ಆಗದೆ ಗರಗಸ ಎತ್ತುವುದಿಲ್ಲ. ಕಾರವಾರದ ಕೋಡಿಬಾಗದ ಒಂದು ಮನೆಯಲ್ಲಿ ಬರಿಯ ಬಾಯಿಮಾತಿನ ಮೇಲೆ ಒಂದು ಕಪಾಟು ಮಾಡಿ, ಕೊನೆಯ ಲೆಕ್ಕದಲ್ಲಿ ಅದರ ಹಣಕ್ಕಾಗಿ ಮನಸ್ತಾಪವಾಗಿ, ಆ ಮನೆಗೆ ಮತ್ತೆ ಹೋಗುವುದೇ ತಪ್ಪಿಹೋಯಿತು. ಅದು ನನಗೆ ಇಂದಿಗೂ ನೋವು. ಅದೇ ಮನೆಯಲ್ಲಿ ಇನ್ನೊಂದನ್ನೂ ಕಲಿತೆ: ಕಡಲ ಗಾಳಿಗೆ ಸಾಧಾರಣ ಕಬ್ಬಿಣದ ಸ್ಕ್ರೂ ಬೇಗ ತುಕ್ಕು ಹಿಡಿಯುತ್ತದೆ, ಅಲ್ಲಿ ಸ್ಟೇನ್‌ಲೆಸ್ ಸ್ಟೀಲ್ ಅಥವಾ ಹಿತ್ತಾಳೆಯೇ ಆಗಬೇಕು.

ಹೆಂಚು ಹೊರುವ ಹಳೆಯ ಪಕಾಸುಗಳಲ್ಲಿ (ಮಾಡಿನ ಇಳಿಜಾರು ಮರಗಳಲ್ಲಿ) ಅರ್ಧಕ್ಕಿಂತ ಹೆಚ್ಚು ಮತ್ತೆ ಬಳಕೆಗೆ ಬಂದವು. ಕೀಸುವ ಮೊದಲು ಪ್ರತಿಯೊಂದರ ಮೇಲೂ ಅಯಸ್ಕಾಂತ ಎಳೆದು ಮುರಿದ ಮೊಳೆ ಹುಡುಕಿದೆವು. ವೈರಿಂಗ್ ಮತ್ತು ನೀರಿನ ಪೈಪಿನವರು ಗೋಡೆ ಕೊರೆದಲ್ಲೆಲ್ಲ ಗಿಲಾವು ಆಗುವ ಮೊದಲು ಟೇಪು ಹಿಡಿದು ಮೊಬೈಲಿನಲ್ಲಿ ಫೋಟೊ ತೆಗೆದೆ. ಮುಂದೆ ಕಪಾಟು ಕೂರಿಸಲು ಡ್ರಿಲ್ ಹಿಡಿದಾಗ ಪೈಪು ಎಲ್ಲಿದೆ ಎಂದು ಆ ಫೋಟೊ ನೋಡಿದರೆ ಸಾಕು.

ಬಾಗಿಲು ಹಲಸಿನದು. ಮರ ಉದ್ದಕ್ಕೆ ಅಷ್ಟಾಗಿ ಹಿಗ್ಗುವುದಿಲ್ಲ, ಅಗಲಕ್ಕೆ ಹಿಗ್ಗುತ್ತದೆ. ಮೇ ತಿಂಗಳಿನಲ್ಲಿ ತೇವದ ಮೀಟರು ಶೇಕಡಾ 11 ತೋರಿಸಿದ ಹಲಗೆ ಜುಲೈಯಲ್ಲಿ ಶೇಕಡಾ 17 ತೋರಿಸಿದ್ದನ್ನು ಅಳೆದು ನೋಡಿದ್ದೇನೆ. ಬಿಸಿಲಿನಲ್ಲಿ ಬಿಗಿಯಾಗಿ ಕೂತ ಬಾಗಿಲು ನಮ್ಮ ಮಳೆಯಲ್ಲಿ ತೆರೆಯುವುದಿಲ್ಲ. ನಡುವಿನ ಹಲಗೆಗಳಿಗೆ ಅಂಟು ಹಾಕದೆ ಚೌಕಟ್ಟಿನಲ್ಲಿ ಕೊರೆದ ಸೀಳಿನೊಳಗೆ ಸಡಿಲವಾಗಿ ಬಿಟ್ಟೆ. ಬಾಗಿಲಿನ ತಲೆ ಮತ್ತು ಅಡಿಯ ಅಂಚುಗಳಿಗೆ ಪಾಲಿಶ್ ಬಳಿದ ಮೇಲೆಯೇ ಬಾಗಿಲು ಏರಿಸಲು ಒಪ್ಪಿದೆ. ಕಣ್ಣಿಗೆ ಕಾಣದ ಆ ಎರಡು ಅಂಚುಗಳಿಂದಲೇ ಮರ ನೀರು ಕುಡಿಯುವುದು ಹೆಚ್ಚು.

ಜುಲೈ ನಡುವಿನಲ್ಲಿ, ವಾರವಿಡೀ ಮಳೆ ಸುರಿದ ಮೇಲೆ, ಕೀಸುಳಿ ಚೀಲದಲ್ಲಿಟ್ಟುಕೊಂಡು ಹೋದೆ. ನಾಲ್ಕರಲ್ಲಿ ಮೂರು ಬಾಗಿಲು ಸಲೀಸಾಗಿ ಮುಚ್ಚಿದವು, ಬಚ್ಚಲಿನದು ಮೇಲಿನ ಮೂಲೆಯಲ್ಲಿ ತಾಗುತ್ತಿತ್ತು. ಕಳಚಿ, ಕೀಸಿ, ಆ ಅಂಚಿಗೆ ಮತ್ತೆ ಪಾಲಿಶ್ ಹಚ್ಚಿ ಏರಿಸಿದೆ. ಏಣಿ ಇಟ್ಟು ತೊಲೆಯ ತುದಿಯ ಸಂದಿಗೆ ಬೆರಳು ಹಾಕಿದೆ. ಒಣಗಿತ್ತು. ಕೆಳಗಿನಿಂದ ಅಮ್ಮ, "ಹೇಗಿದೆ?" ಎಂದು ಕೇಳಿದರು. ಬೆರಳನ್ನೇ ತೋರಿಸಿದೆ. ದಿನಾಂಕ ಹಾಕಿ ಪುಸ್ತಕದಲ್ಲಿ ಬರೆದುಕೊಂಡೆ.