ಕೋಟೆ ಹತ್ತೋಕೆ ಮುಂಚೆ ಊರು ನೋಡಿ: ಚಾಖ್ತಿತ್ಸೆಲಿ ನನ್ನ ಅನುಭವ

ನಾನು ಸ್ಲೋವಾಕಿಯಾದ ರಾಜಧಾನಿ ಬ್ರಾಟಿಸ್ಲಾವಾಗೆ ಬಂದು ಮೂರು ವರ್ಷ ಆಯ್ತು, ಊರಿಂದ ಯಾರೇ ಬರ್ಲಿ ಕೇಳೋದು ಒಂದೇ, "ರಕ್ತದಲ್ಲಿ ಸ್ನಾನ ಮಾಡ್ತಿದ್ದ ರಾಣಿ ಕೋಟೆ ಇದ್ಯಂತಲ್ಲ, ಅಲ್ಲಿಗೆ ಕರ್ಕೊಂಡ್ ಹೋಗೋ." ರಾಣಿ ಅಲ್ಲ ಮಾರಾಯ, ಕೌಂಟೆಸ್ಸು, ಅಂದ್ರೆ ದೊಡ್ಡ ಶ್ರೀಮಂತ ಮನೆತನದವಳು, ಎಲಿಜಬೆತ್ ಬಾತೊರಿ ಅಂತ ತಿದ್ದಿ ತಿದ್ದಿ ಸಾಕಾಗಿದೆ. ಮೊದಲೆರಡು ಸಲ ಎಲ್ರೂ ಮಾಡೋದನ್ನೇ ಮಾಡ್ದೆ. ಟ್ರೈನಲ್ಲಿ ವಿಶ್ನೊವೆ ಅನ್ನೋ ಪುಟ್ಟ ಸ್ಟೇಷನ್ನಲ್ಲಿ ಇಳಿಯೋದು, ಅರ್ಧ ಗಂಟೆ ಬೆಟ್ಟ ಹತ್ತೋದು, ಪಾಳು ಗೋಡೆ ಮುಂದೆ ಫೋಟೋ, ವಾಪಸ್. ಕೋಟೆಗೆ ಹೆಸರು ಕೊಟ್ಟಿರೋ ಚಾಖ್ತಿತ್ಸೆ ಹಳ್ಳಿ ಬೆಟ್ಟದ ಇನ್ನೊಂದು ಪಕ್ಕದಲ್ಲಿದೆ, ಅದ್ರೊಳಗೆ ನಾನು ಕಾಲೇ ಇಟ್ಟಿರ್ಲಿಲ್ಲ.

ಮೂರನೇ ಸಲ ಫ್ರೆಂಡ್ ಒಬ್ಬನ ಅಮ್ಮ ಮೈಸೂರಿಂದ ಬಂದಿದ್ರು. ಪ್ಲಾನ್ ಕೇಳಿದ ತಕ್ಷಣ ಹೇಳಿದ್ರು, "ನನ್ನ ಮಂಡಿಗೆ ಬೆಟ್ಟ ಗಿಟ್ಟ ಆಗಲ್ಲಪ್ಪ, ನೀವು ಹೋಗ್ಬನ್ನಿ, ನಾನು ಕೆಳಗೇ ಎಲ್ಲಾದ್ರೂ ಕೂತಿರ್ತೀನಿ." ಸರಿ, ಕೆಳಗೆ ಕೂತವ್ರಿಗೆ ತೋರ್ಸೋಕೆ ಏನಾದ್ರೂ ಇದ್ಯಾ ಅಂತ ಹುಡುಕೋಕೆ ಶುರು ಮಾಡ್ದೆ, ಅದೇ ನನ್ನ ಹಳ್ಳಿ ವಾಕ್ ಆಯ್ತು.

ಹುಡುಕೋವಾಗ ಮೊದಲು ಅರ್ಥ ಆಗಿದ್ದು ಹೆಸರಿನ ಸಮಸ್ಯೆ. 1918ರ ತನಕ ಇದೆಲ್ಲ ಹಂಗೇರಿ ರಾಜ್ಯಕ್ಕೆ ಸೇರಿದ್ದ ಜಾಗ, ಹಂಗಾಗಿ ಹಳ್ಳಿಗೆ ಹಂಗೇರಿಯನ್ನಲ್ಲಿ ಚೆಯ್ತೆ ಅಂತಾರೆ, ಎಲಿಜಬೆತ್ ಸ್ಲೋವಾಕಲ್ಲಿ ಅಲ್ಝ್‌ಬೆತಾ, ಹಂಗೇರಿಯನ್ನಲ್ಲಿ ಎರ್ಝೇಬೆತ್. ಒಂದೇ ಹೆಸರಲ್ಲಿ ಸರ್ಚ್ ಮಾಡಿದ್ರೆ ದೆವ್ವದ ಕಥೆ ಬಿಟ್ಟು ಬೇರೇನೂ ಸಿಗಲ್ಲ, ಎರಡೂ ಭಾಷೆಲಿ ಹುಡುಕಿ ಬ್ರೌಸರಲ್ಲಿ ಟ್ರಾನ್ಸ್‌ಲೇಟ್ ಮಾಡ್ಕೊಂಡ್ ಓದಿದ್ಮೇಲೆ ನಿಜವಾದ ಸರಕು ಸಿಕ್ತು. ಆಮೇಲೆ ಒಬ್ನೇ ಹೋಗಿ ಊರು ನೋಡ್ಕೊಂಡು ಬರೋಣ ಅಂತ ರಜಾ ಹಾಕಿ ಸೋಮವಾರ ಹೋದೆ, ಮ್ಯೂಸಿಯಂ ಬಾಗಿಲಿಗೆ ಬೀಗ. ಇಲ್ಲಿ ಎಷ್ಟೋ ಮ್ಯೂಸಿಯಂಗಳಿಗೆ ಸೋಮವಾರ ರಜಾ ಅಂತ ಗೊತ್ತಿದ್ದೂ ಮಾಡಿದ ತಪ್ಪು, ಯಾರನ್ನ ಬೈಯೋದು.

ಆಂಟಿ ಜೊತೆ ಹೋಗಿದ್ದು ಶನಿವಾರ. ಬ್ರಾಟಿಸ್ಲಾವಾದಿಂದ ನೊವೆ ಮೆಸ್ತೊ ನಾದ್ ವಾಹೊಮ್ ತನಕ ದೊಡ್ಡ ಟ್ರೈನು, ಅಲ್ಲಿಂದ ಮಿಯಾವಾ ಕಡೆ ಹೋಗೋ ಪುಟ್ಟ ಟ್ರೈನು, ವಿಶ್ನೊವೆಗಿಂತ ಮುಂಚೇನೇ ಚಾಖ್ತಿತ್ಸೆ ಬರುತ್ತೆ, ಅಲ್ಲೇ ಇಳ್ಕೊಳ್ಳಿ. ಆ ಲೈನಲ್ಲಿ ಟ್ರೈನ್ ಕಮ್ಮಿ, ವಾಪಸ್ ಟೈಮು ಹೋಗೋವಾಗ್ಲೇ ನೋಡಿಟ್ಕೊಳ್ಳಿ.

ಊರ ಮಧ್ಯದ ಚೌಕದಲ್ಲಿ ಬಾತೊರಿದು ಮರದ ಪ್ರತಿಮೆ ಇದೆ. ಆಂಟಿ ಅದನ್ನ ಸುತ್ತಲೂ ನೋಡಿ, "ಇವಳೇನಾ? ಇವಳಿಗೆ ಮಕ್ಕಳು ಮರಿ ಇರ್ಲಿಲ್ವಾ?" ಅಂದ್ರು. ಇಷ್ಟು ಸಲ ಜನಾನ ಕರ್ಕೊಂಡ್ ಬಂದಿದ್ದೀನಿ, ಈ ಪ್ರಶ್ನೆ ಒಬ್ರೂ ಕೇಳಿರ್ಲಿಲ್ಲ. ನಾನು ತಾರೀಖು ಬರ್ಕೊಂಡಿದ್ದ ಚೀಟಿ ಜೇಬಿಗೆ ಹಾಕಿ ಬೆಂಚ್ ಮೇಲೆ ಕೂತು ಮನೆ ಕಥೆ ಹೇಳ್ದಂಗೆ ಹೇಳ್ದೆ. ಹುಟ್ಟಿದ್ದು 1560, ಗಂಡ ಫೆರೆಂತ್ಸ್ ನಾದಾಶ್ದಿ ತುರ್ಕರ ಮೇಲೆ ಯುದ್ಧ ಮಾಡ್ಕೊಂಡಿದ್ದವನು, 1604ರಲ್ಲಿ ತೀರ್ಕೊಂಡ. ಇಬ್ರು ಹೆಣ್ಮಕ್ಕಳಿಗೆ ಮದುವೆ ಆಗಿತ್ತು, ಮಗ ಇನ್ನೂ ಚಿಕ್ಕೋನು. ಕೆಲಸದ ಹುಡುಗೀರನ್ನ ಹಿಂಸೆ ಕೊಟ್ಟು ಸಾಯಿಸ್ತಾಳೆ ಅಂತ ದೂರು ಬಂದು, 1610ರ ಡಿಸೆಂಬರ್ ಕೊನೇಲಿ ಪ್ಯಾಲಟೈನ್ ತುರ್ಝೊ ಬಂದು ಹಿಡಿದ, ಪ್ಯಾಲಟೈನ್ ಅಂದ್ರೆ ರಾಜನ ನಂತರದ ಸ್ಥಾನ. ಹಿಡಿದಿದ್ದು ಮೇಲೆ ಕೋಟೆಲಲ್ಲ, ಕೆಳಗೆ ಊರಲ್ಲಿದ್ದ ಅವಳ ಬಂಗಲೆಲಿ, ಆಮೇಲೆ ಕೋಟೆಗೆ ಸಾಗಿಸಿ ಕೂಡಿಹಾಕಿದ್ರು, 1614ರ ಆಗಸ್ಟಲ್ಲಿ ಅಲ್ಲೇ ಸತ್ತಳು. ಅವಳ ಸೇವಕರಲ್ಲಿ ಮೂರು ಜನಕ್ಕೆ 1611ರ ಜನವರಿಲಿ ಬಿಟ್ಚಾ ಅನ್ನೋ ಊರಲ್ಲಿ ಮರಣದಂಡನೆ ಆಯ್ತು, ಅವಳ ಮೇಲೆ ಮಾತ್ರ ವಿಚಾರಣೇನೇ ನಡೀಲಿಲ್ಲ.

"ಯಾಕೆ ನಡೀಲಿಲ್ಲ?"

ವಿಚಾರಣೆ ಆಗಿ ತಪ್ಪು ಸಾಬೀತಾದ್ರೆ ಆಸ್ತಿ ರಾಜನ ಪಾಲಾಗೋ ಭಯ, ಅದಕ್ಕೆ ತುರ್ಝೊ ಅವಳ ಮಗ, ಅಳಿಯಂದಿರ ಜೊತೆ ಮಾತಾಡ್ಕೊಂಡು ಸುಮ್ನೆ ಕೂಡಿಹಾಕೋದೇ ಸರಿ ಅಂತ ಮಾಡಿದ. ರಾಜ ಎರಡನೇ ಮಥಿಯಾಸ್ ಬೇರೆ ನಾದಾಶ್ದಿ ಮನೆಯವ್ರಿಂದ ತಗೊಂಡಿದ್ದ ಸಾಲ ತೀರಿಸ್ಬೇಕಿತ್ತು.

"ಹಂಗನ್ನು, ಆಸ್ತಿ ವಿಷ್ಯ" ಅಂದ್ರು ಆಂಟಿ, ಒಂದೇ ಮಾತಲ್ಲಿ ಮುಗೀತು. ಆದ್ರೆ ಈಗ ಕೆಲವ್ರು ಅವಳು ಪೂರ್ತಿ ನಿರಪರಾಧಿ, ಬರೀ ಪಿತೂರಿ ಅಂತಾರಲ್ಲ, ಅದು ನಂಗೆ ಒಪ್ಪಿಗೆ ಆಗಲ್ಲ. ನೂರಾರು ಜನ ಸಾಕ್ಷಿ ಹೇಳಿದಾರೆ, ಸತ್ತ ಹುಡುಗೀರಲ್ಲಿ ಹೆಚ್ಚಿನವ್ರು ಬಡವರ ಮನೆಯವ್ರು, ಅವ್ರ ಹೆಸ್ರಲ್ಲಿ ಒಂದು ಪ್ರತಿಮೆನೂ ಇಲ್ಲ. ರಕ್ತಸ್ನಾನ ಮಾತ್ರ ಆ ಸಾಕ್ಷಿಗಳಲ್ಲೆಲ್ಲೂ ಇಲ್ಲ, ಅದು ಅಚ್ಚಲ್ಲಿ ಬಂದಿದ್ದು 1729ರಲ್ಲಿ ಒಬ್ಬ ಜೆಸ್ಯುಯಿಟ್ ಪಾದ್ರಿ ಪುಸ್ತಕದಿಂದ, ಅಂದ್ರೆ ಅವಳು ಸತ್ತು ನೂರು ವರ್ಷದ ಮೇಲೆ.

ಅಲ್ಲಿಂದ ಸೇಂಟ್ ಲಾದಿಸ್ಲಾವ್ ಚರ್ಚು. ಅವಳನ್ನ ಇಲ್ಲೇ ಹೂತಿದ್ರು ಅಂತಾರೆ, ಆದ್ರೆ ತೋರ್ಸೋಕೆ ಸಮಾಧಿ ಇಲ್ಲ. ದ್ರಾಶ್ಕೊವಿಚ್ ಬಂಗಲೆಲಿ ಮ್ಯೂಸಿಯಂ, ಈ ಸಲ ತೆಗ್ದಿತ್ತು ಪುಣ್ಯಕ್ಕೆ.

ಊರ ಕೆಳಗೆ ಹಳೇ ನೆಲಮಾಳಿಗೆಗಳಿವೆ, ಟಿಕೆಟ್ ತಗೊಂಡು ಗೈಡ್ ಜೊತೆ ಇಳೀಬೇಕು. ಇಲ್ಲೇ ನನ್ನ ಮರ್ಯಾದೆ ಹೋಗಿದ್ದು. ಗೈಡ್ ಪಿವ್ನಿತ್ಸಾ ಪಿವ್ನಿತ್ಸಾ ಅಂತ ಹೇಳ್ತಿದ್ರು, ನಂಗೆ ಗೊತ್ತಿದ್ದ ಸ್ಲೋವಾಕ್‌ನಲ್ಲಿ ಪಿವೊ ಅಂದ್ರೆ ಬಿಯರು, ಹಂಗಾಗಿ ನಾನು ಜೋರಾಗಿ "ಇದೆಲ್ಲ ಬಿಯರ್ ಅಂಗಡಿ ಆಗಿತ್ತಂತೆ ಆಂಟಿ" ಅಂತ ಕನ್ನಡಕ್ಕೆ ಇಳಿಸ್ತಾ ಹೋದೆ. ಪಿವ್ನಿತ್ಸಾ ಅಂದ್ರೆ ನೆಲಮಾಳಿಗೆ! ಹಿಂದಿದ್ದ ಫ್ರೆಂಡು ಫೋನಲ್ಲಿ ನೋಡಿ ನಗೋಕೆ ಶುರು ಮಾಡ್ದ. ಇದು ವೈನ್ ಮಾಡೋ ಊರು ಬೇರೆ, ಬಿಯರ್ ಅಂದಿದ್ದು ಡಬಲ್ ತಪ್ಪು. ಒಳಗೆ ಚಳಿ, ಬೇಸಿಗೆಲೂ ಸ್ವೆಟರ್ ಇರ್ಲಿ, ಆಂಟಿ ಶಾಲು ಹೊದ್ದು ನನ್ನ ಕೈ ಹಿಡ್ಕೊಂಡು ನಿಧಾನವಾಗಿ ಇಳಿದ್ರು.

ನಂಗೆ ಜಾಸ್ತಿ ಇಷ್ಟ ಆಗಿದ್ದು ಮಾತ್ರ ಬಾತೊರಿಗೆ ಸಂಬಂಧನೇ ಇಲ್ದಿರೋ ವಿಷ್ಯ. 1847ರ ಆಗಸ್ಟಲ್ಲಿ ತಾತ್ರಿನ್ ಅನ್ನೋ ಸ್ಲೋವಾಕರ ಸಾಂಸ್ಕೃತಿಕ ಸಂಘದ ಸಭೆ ಇದೇ ಹಳ್ಳೀಲಿ ಆಗಿದ್ದು. ಆಗ ಸ್ಲೋವಾಕ್ ಕ್ಯಾಥೊಲಿಕ್ಕರು ಬೆರ್ನೊಲಾಕ್ ಅನ್ನೋ ಪಾದ್ರಿ 1787ರಲ್ಲಿ ರೂಪಿಸಿದ ಬರಹದ ಭಾಷೆ ಬಳಸ್ತಿದ್ರು, ಲೂಥರನ್ನರು, ಅಂದ್ರೆ ಪ್ರೊಟೆಸ್ಟೆಂಟರು, ಬೈಬಲ್ಲಿನ ಚೆಕ್ ಭಾಷೆ ಬಳಸ್ತಿದ್ರು, ಲೇಖಕ ಲ್ಯುದೊವಿತ್ ಶ್ಟೂರ್ ಮತ್ತವನ ಸ್ನೇಹಿತರು ಬಂದು ಜನ ಮಾತಾಡೋ ಮಧ್ಯ ಸ್ಲೋವಾಕಿಯಾದ ಭಾಷೇಲೇ ಬರೆಯೋಣ ಅಂದ್ರು, ಎರಡೂ ಪಂಗಡದವ್ರು ಕೂತು ಒಪ್ಕೊಂಡಿದ್ದು ಇಲ್ಲಿ. ಇವತ್ತು ಸ್ಟೇಷನ್ ಬೋರ್ಡಲ್ಲಿ ನೋಡೋ ಭಾಷೆ ಆಮೇಲೆ ತಿದ್ದುಪಡಿ ಆದ್ರೂ ಅದರ ಬುಡ ಅದೇ. ಇಷ್ಟು ದೊಡ್ಡ ವಿಷ್ಯ, ಟೂರಿಸ್ಟ್‌ಗಳು ಪ್ರತಿಮೆ ಜೊತೆ ಸೆಲ್ಫಿ ತಗೊಂಡು ಹೋಗ್ತಾರೆ ಅಷ್ಟೇ.

ಕೋಟೆಗೆ ಹುಡುಗರು ಮಧ್ಯಾಹ್ನ ಹೋದ್ರು, ಊರಿಂದ ನಡೆದ್ರೆ ಹತ್ರ ಹತ್ರ ಒಂದು ಗಂಟೆ. 13ನೇ ಶತಮಾನದ ಕೋಟೆ, 1708ರಲ್ಲಿ ರಾಕೋಟ್ಸಿ ಅನ್ನೋ ನಾಯಕನ ಜೊತೆ ರಾಜನ ವಿರುದ್ಧ ದಂಗೆ ಎದ್ದವ್ರು ಹಿಡಿದ್ಮೇಲೆ ಹಾಳುಬಿತ್ತು, ರಿಪೇರಿ ಮಾಡಿ 2014ರಲ್ಲಿ ಮತ್ತೆ ತೆಗ್ದರು. ಹೋಗೋ ದಾರೀಲಿ ನೆರಳು ಕಮ್ಮಿ, ನೀರು ತಗೊಂಡು ಹೋಗಿ. ನಾನೂ ಆಂಟಿನೂ ಕೆಳಗೆ ಕಾಫಿ ಕುಡೀತಾ ಕೂತ್ವಿ, ಅವರು ಡಬ್ಬಿಲಿ ತಂದಿದ್ದ ಚಕ್ಲಿ ತೆಗ್ದರು, ಆಮೇಲೆ ಬೆಟ್ಟದ ಕಡೆ ನೋಡಿ "ಅಲ್ವೋ, ಆ ಅಳಿಯಂದಿರು ಆಮೇಲೆ ಆಸ್ತಿ ಹೆಂಗೆ ಹಂಚ್ಕೊಂಡ್ರು?" ಅಂದ್ರು. ಅದನ್ನ ಓದಿಕೊಂಡಿರ್ಲಿಲ್ಲ, ಮುಂದಿನ ಬ್ಯಾಚ್ ಬರೋಷ್ಟರಲ್ಲಿ ಓದ್ಕೋಬೇಕು.