ಗೋವಿನಜೋಳದ ಬಿಳಿ ಪಟ್ಟೆಗೆ ಮಣ್ಣು ಪರೀಕ್ಷೆ ಕೊಟ್ಟ ಉತ್ತರ

ಹಾವೇರಿ ಸಮೀಪದ ನಮ್ಮ ಎರೆಹೊಲದಲ್ಲಿ ಗೋವಿನಜೋಳದ ಎಳೆಯ ಎಲೆಗಳ ನಡುನರದ ಎರಡೂ ಬದಿಗೆ ಬಿಳಿಹಳದಿ ಪಟ್ಟೆಗಳು ಮೂಡಿದಾಗ, ಗೊಬ್ಬರ ಸಾಲದೆಂದು ತಿಳಿದು ಎರಡು ಹಂಗಾಮು ರಂಜಕ (ಫಾಸ್ಫರಸ್) ಹೆಚ್ಚಿರುವ ಡಿಎಪಿ ಗೊಬ್ಬರ ಹೆಚ್ಚಿಸಿದೆನು. ಪಟ್ಟೆಗಳು ಇನ್ನಷ್ಟು ಅಗಲವಾದವು. ಮರುವರ್ಷ ಬಿತ್ತನೆಗೆ ಮುನ್ನ, ಬದು ಮತ್ತು ತಿಪ್ಪೆಯ ಜಾಗ ಬಿಟ್ಟು, ಅಂಕುಡೊಂಕಾಗಿ ನಡೆಯುತ್ತ ಹತ್ತು ಕಡೆ ‘ವಿ’ ಆಕಾರದ 15 ಸೆಂ.ಮೀ. ಆಳದ ಗುಂಡಿ ತೋಡಿ, ಅಂಚಿನುದ್ದಕ್ಕೂ ಕೆರೆದ ಮಣ್ಣನ್ನು ಕಲಸಿ, ನೆರಳಿನಲ್ಲಿ ಒಣಗಿಸಿ, ಅರ್ಧ ಕಿಲೋ ಪರೀಕ್ಷೆಗೆ ಕೊಟ್ಟೆನು. ಸತುವಿನಂಥ ಸೂಕ್ಷ್ಮ ಪೋಷಕಾಂಶಗಳನ್ನೂ ನೋಡಿರೆಂದು ಕೇಳಿಕೊಂಡದ್ದೇ ಮುಖ್ಯವಾಯಿತು. ರಸಸಾರ (ಪಿಎಚ್) 8.3, ಅಂದರೆ ಮಣ್ಣು ಕ್ಷಾರ, ರಂಜಕ ಹೆಚ್ಚು, ಸತು ಕಡಿಮೆ ಎಂದು ವರದಿ ಬಂದಿತು. ಕ್ಷಾರ ಮಣ್ಣಿನಲ್ಲಿ ಸತು ಬೆಳೆಗೆ ಸುಲಭವಾಗಿ ದಕ್ಕುವುದಿಲ್ಲ. ರಂಜಕ ಮಿತಿಮೀರಿದರೆ ಕೊರತೆ ಮತ್ತಷ್ಟು ಬಿಗಡಾಯಿಸುತ್ತದೆ. ಡಿಎಪಿ ತಗ್ಗಿಸಿ, ಎಕರೆಗೆ 10 ಕಿಲೋ ಸತುವಿನ ಸಲ್ಫೇಟನ್ನು ಅದರೊಂದಿಗೆ ಬೆರೆಸದೆ, ತಿಪ್ಪೆಗೊಬ್ಬರದೊಡನೆ ಹಾಕಿದೆನು. ತಿಂಗಳ ಪೈರಿನ ಸುಳಿ ಹಸಿರಾಗಿಯೇ ಇತ್ತು.